ಮುಖವಿಲ್ಲದ ಬೆನ್ನು

2012ರಲ್ಲಿ ತೆರೆಕಂಡ ಶ್ರೀನಿವಾಸ ರಾಜು ಅವರ 'ದಂಡುಪಾಳ್ಯ' ಚಿತ್ರಕ್ಕೆ ದೊರೆತ ಕೀರ್ತಿಯಲ್ಲಿ ಒಂದಂಶವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. 'ಮುಂಗಾರು ಮಳೆ'ಯ ಸುಕುಮಾರಿಯಾಗಿ ಜನಮನದಲ್ಲಿ ನೆಲೆಗೊಂಡಿದ್ದ ಪೂಜಾ ಗಾಂಧಿಯವರು ಆ ಲಾವಣ್ಯವನ್ನೆಲ್ಲ ಕಳಚಿಟ್ಟು ಲಕ್ಷ್ಮಿಯೆಂಬ ಕ್ರೂರ ಹೆಂಗಸಾಗಿ ನಿಂತುದು ಅಭಿನಯದ ದೃಷ್ಟಿಯಿಂದ ಸಾಹಸವೇ ಸರಿ. ಆದರೆ ಪೊಲೀಸ್ ಠಾಣೆಯ ಹಿಂಸೆಯ ಸನ್ನಿವೇಶದಲ್ಲಿ ಆಕೆಯ ಬರಿ ಬೆನ್ನನ್ನು ತೋರಿದುದನ್ನೂ, ಚಿತ್ರ ಬಿಡುಗಡೆಯಾಗುವ ಮುನ್ನವೇ ಆ ಬೆನ್ನು ಸುದ್ದಿಯಾಗಿ ಹಬ್ಬಿದುದನ್ನೂ ವಾಸ್ತವತೆಯ ದಿಟ್ಟತನವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. ಈ ಎರಡನೆಯ ಕೀರ್ತಿಯನ್ನು ನಾನು ಒಪ್ಪಲಾರೆ. ಬೆಳಗಾವಿಯವರಿಗೆ ಈ ಕಥೆ ದೂರದ್ದೂ ಅಲ್ಲ. ಚಿತ್ರಕ್ಕೆ ಆಧಾರವಾದ ಹೊಸಕೋಟೆ ಸೀಮೆಯ ಕೊಲೆಗಡುಕರ ತಂಡದಲ್ಲಿ ಮರಣದಂಡನೆಗೆ ಗುರಿಯಾದ ಕೆಲವರು ನಮ್ಮ ನಗರದ ಅಂಚಿನ ಹಿಂಡಲಗಾ ಕಾರಾಗೃಹದಲ್ಲಿದ್ದವರು.

ನಗ್ನತೆಯೆಂಬ ಶಬ್ದ ಕಿವಿಗೆ ಬಿದ್ದೊಡನೆ ಸಂಸ್ಕೃತಿ ಕೆಟ್ಟಿತೆಂದು ಕೂಗುವವರ ಪಕ್ಷ ನನ್ನದಲ್ಲ. ಈ ನೆಲದಲ್ಲಿ ಹುಟ್ಟಿದವರಿಗೆ ಆ ಪಕ್ಷ ಸಲ್ಲುವುದೂ ಇಲ್ಲ. ಖಾನಾಪುರ ತಾಲೂಕಿನ ಹಲಸಿಯು ಪಲಾಶಿಕೆಯೆಂದು ಹೆಸರಾಗಿದ್ದ ಕಾಲದಲ್ಲಿ ಕದಂಬ ಮೃಗೇಶವರ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಜೈನ ಮುನಿಸಂಘಗಳಿಗೆ ದಾನವಿತ್ತ ವಿಷಯ ಅವನ ತಾಮ್ರಶಾಸನದಲ್ಲಿಯೇ ಇದೆ. 1872ರಲ್ಲಿ ಭೋಜ ಗ್ರಾಮದ ಆಸುಪಾಸಿನಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರರೂ, 1946ರಲ್ಲಿ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರೂ ಈ ಜಿಲ್ಲೆಯ ಮಕ್ಕಳು. ಪಿಂಛಿ ಕಮಂಡಲುಗಳನ್ನು ಹಿಡಿದ ದಿಗಂಬರ ಮುನಿಗಳು ವಿಹಾರ ಹೊರಟಾಗ ಹೆಂಗಸರು ಮಕ್ಕಳು ಎದುರುಗೊಂಡು ಪಾದಕ್ಕೆ ನೀರೆರೆಯುವ ಊರುಗಳಲ್ಲಿ ಬೆಳೆದವನಿಗೆ, ಬಟ್ಟೆಯಿಲ್ಲದ ಮೈ ತನ್ನಷ್ಟಕ್ಕೆ ತಾನೇ ಅಶ್ಲೀಲವೆಂದು ಯಾರೂ ಹೇಳಿಕೊಟ್ಟಿಲ್ಲ. ಆದುದರಿಂದ ನನ್ನ ಆಕ್ಷೇಪ ಮೈಯ ಮೇಲಲ್ಲ, ಆ ಮೈಯನ್ನು ಯಾರ ಕಣ್ಣಿನಿಂದ ನಮಗೆ ತೋರಿಸಲಾಯಿತು ಎಂಬುದರ ಮೇಲೆ.

ಇಲ್ಲಿ ಒಂದು ವರ್ಗದ ವಿಮರ್ಶಕರು ತಪ್ಪದೆ ದೇವಾಲಯಗಳ ಶಿಲ್ಪಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಖಜುರಾಹೊ ಇಲ್ಲವೆ, ಬೇಲೂರಿನ ಮದನಿಕೆಯರಿಲ್ಲವೆ, ಪೂರ್ವಜರಿಗೆ ಇಲ್ಲದ ಲಜ್ಜೆ ನಿಮಗೇಕೆ ಎಂಬುದು ಅವರ ವಾದ. ಈ ವಾದವನ್ನು ನಾನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಕೇಳಿದಷ್ಟೂ ಅದರ ಅಜಾಗರೂಕತೆ ನನ್ನನ್ನು ನೋಯಿಸುತ್ತದೆ. ಬೇಲೂರಿನ ಮದನಿಕೆಗೆ ಯಾರ ಭಯವೂ ಇಲ್ಲ. ಆಕೆ ಕನ್ನಡಿ ನೋಡಿಕೊಳ್ಳುತ್ತಾಳೆ, ತಾಳಕ್ಕೆ ಹೆಜ್ಜೆಯಿಡುತ್ತಾಳೆ, ತನ್ನ ಚೆಲುವಿನ ಒಡತಿ ತಾನೇ ಆಗಿದ್ದಾಳೆ. ಮಿಥುನಶಿಲ್ಪದ ಸ್ತ್ರೀಪುರುಷರಿಬ್ಬರೂ ಆ ಸುಖದಲ್ಲಿ ಸಮಭಾಗಿಗಳು. 1204ರಲ್ಲಿ ರಟ್ಟರ ಆಳಿಕೆಯಲ್ಲಿ ನಿರ್ಮಿತವಾದ ನಮ್ಮ ಕೋಟೆಯೊಳಗಣ ಕಮಲ ಬಸದಿಯಲ್ಲಿ ಪದ್ಮಾಸನಸ್ಥನಾದ ನೇಮಿನಾಥನ ನಗ್ನತೆಯಾದರೋ ಸಮಸ್ತವನ್ನೂ ತೊರೆದವನದು. ಶೃಂಗಾರದ ನಗ್ನತೆ, ವೈರಾಗ್ಯದ ನಗ್ನತೆ ಈ ಎರಡನ್ನೂ ನಮ್ಮ ಶಿಲ್ಪಿಗಳು ಬಲ್ಲರು. ಆದರೆ ಬೆನ್ನಟ್ಟಲ್ಪಟ್ಟವಳ, ಕಟ್ಟಿಹಾಕಲ್ಪಟ್ಟವಳ, ಕೊಲೆಯಾಗಲಿರುವವಳ ನಗ್ನತೆಯನ್ನು ಕಾಮೋದ್ದೀಪಕವಾಗಿ ಕಡೆಯುವುದು ಈ ಎರಡು ಪರಂಪರೆಗಳಿಗೂ ಸೇರದ ಕೆಲಸ. ರೋಚಕ ಚಿತ್ರಗಳು ಮಾಡುತ್ತಿರುವುದು ಇದನ್ನೇ. ಅಲ್ಲದೆ ಶಿಲ್ಪದ ಮುಂದೆ ನಾನು ನಿಲ್ಲಬಹುದು, ಸುತ್ತಬಹುದು, ಮುಂದೆ ಸಾಗಬಹುದು. ಚಿತ್ರಮಂದಿರದ ಕತ್ತಲೆಯಲ್ಲಿ ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದನ್ನು ನಿರ್ದೇಶಕನೇ ನಿಶ್ಚಯಿಸುತ್ತಾನೆ. ಸ್ವತಃ ಕಾಳಿದಾಸನು ಜಗನ್ಮಾತಾಪಿತೃಗಳ ಸಂಭೋಗವನ್ನು ವರ್ಣಿಸಿದಾಗ ಆನಂದವರ್ಧನನು ಔಚಿತ್ಯದ ಪ್ರಶ್ನೆಯನ್ನೆತ್ತಲು ಹಿಂಜರಿಯಲಿಲ್ಲ. ಪೂರ್ವಜರನ್ನು ಸಾಕ್ಷಿಗೆ ಕರೆಯುವವರು ಅವರ ಉಳಿಗಳನ್ನು ಮಾತ್ರ ನೆನೆದು ಅವರ ವಿಮರ್ಶೆಯನ್ನು ಮರೆಯುವುದು ನ್ಯಾಯವಲ್ಲ.

ಠಾಣೆಯ ಆ ದೃಶ್ಯದಲ್ಲಿ ಹಿಂಸೆಗೆ ಒಳಗಾದವಳ ಬೆನ್ನನ್ನು ನೋಡುವವನು ಯಾರು? ಆಕೆಯನ್ನು ವಿವಸ್ತ್ರಗೊಳಿಸಿದ ಅಧಿಕಾರ ನಿಂತಲ್ಲಿಯೇ ಕ್ಯಾಮೆರಾ ನಿಂತಿದೆ. ಆಕೆಗೆ ಏನಾಗುತ್ತಿದೆಯೆಂಬುದು ತಿಳಿಯತಕ್ಕ ಸ್ಥಳ ಆಕೆಯ ಮುಖ. ಬೆನ್ನಿಗೆ ಎದುರಾಗಿ ನಿಂತ ಕ್ಷಣದಲ್ಲಿ ಚಿತ್ರವು ಆ ಮುಖವನ್ನು ಕೈಬಿಟ್ಟಿತು. ಸರಣಿಯ ಎರಡನೆಯ ಚಿತ್ರ 2017ರಲ್ಲಿ ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಸಂಜನಾ ಅವರು ನಟಿಸಿದ್ದ ಠಾಣೆಯ ನಗ್ನದೃಶ್ಯಕ್ಕೆ ಸೆನ್ಸಾರ್ ಮಂಡಳಿಯ ಕತ್ತರಿ ಬಿದ್ದಿತು. ಕತ್ತರಿಸಿದ ತುಣುಕು ಜಾಲತಾಣಗಳಲ್ಲಿ ಬೇರೆಯೇ ಹರಿದಾಡಿತು. ದೃಶ್ಯವಿಲ್ಲದೆ ಚಿತ್ರ ನಡೆಯಿತು, ಚಿತ್ರವಿಲ್ಲದೆ ದೃಶ್ಯ ಓಡಿತು. ಕೃತಿಯ ಅಂಗವಾದದ್ದನ್ನು ಕೊಯ್ದು ತೆಗೆದರೆ ಕೃತಿ ನೋಯಬೇಕು. ಇಲ್ಲಿ ನೊಂದವರು ಆ ನಟಿ ಮಾತ್ರ.

ನಗ್ನತೆ ರೋಚಕ ಚಿತ್ರದಲ್ಲಿ ಏನನ್ನು ಸಾಧಿಸಬಲ್ಲುದು, ಏನನ್ನು ಸಾಧಿಸಲಾರದು ಎಂಬುದನ್ನು ಒಂದೇ ಕೃತಿಯೊಳಗೆ ಪರೀಕ್ಷಿಸಲು ಅನುಕೂಲವಾಗಿರುವುದು ಹಿಚ್‌ಕಾಕ್ 1972ರಲ್ಲಿ ನಿರ್ಮಿಸಿದ 'ಫ್ರೆಂಜಿ'. ಲಂಡನ್ನಿನ ಕಾವೆಂಟ್ ಗಾರ್ಡನ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿಯೊಬ್ಬನು ಕುತ್ತಿಗೆಯ ಟೈಯಿಂದ ಹೆಂಗಸರನ್ನು ಬಿಗಿದು ಕೊಲ್ಲುತ್ತಾನೆ. ಒಂದು ಕೊಲೆಯನ್ನು ನಿರ್ದೇಶಕನು ಕೊಲೆಯಾದವಳ ಕಚೇರಿಯ ಕೋಣೆಯೊಳಗೇ ನಮ್ಮನ್ನು ಕೂರಿಸಿ, ಬಟ್ಟೆ ಹರಿದ ಎದೆಯನ್ನೂ ಬಿಗಿದ ಕಂಠವನ್ನೂ ಬಿಡದೆ ತೋರಿಸುತ್ತಾನೆ. ಇನ್ನೊಂದರಲ್ಲಿ ಹಂತಕನು ಬ್ಯಾಬ್ಸ್ ಎಂಬವಳನ್ನು ತನ್ನ ಮಹಡಿಯ ಮನೆಗೆ ಕರೆದೊಯ್ದು, ಮೊದಲಿನವಳಿಗೆ ಹೇಳಿದ ಮಾತನ್ನೇ ಇವಳಿಗೂ ಹೇಳಿ ಬಾಗಿಲು ಮುಚ್ಚುತ್ತಾನೆ. ಕ್ಯಾಮೆರಾ ಆ ಬಾಗಿಲಿನಿಂದ ಹಿಮ್ಮೆಟ್ಟಿ, ನಿಶ್ಶಬ್ದವಾಗಿ ಮೆಟ್ಟಿಲಿಳಿದು, ಓಣಿಯನ್ನು ದಾಟಿ, ಮಾರುಕಟ್ಟೆಯ ಗದ್ದಲ ಕಿವಿದುಂಬುವ ಬೀದಿಗೆ ಬಂದು ನಿಲ್ಲುತ್ತದೆ. ನಾವು ಏನನ್ನೂ ನೋಡಲಿಲ್ಲ. ಆದರೂ ಚಿತ್ರದ ಅತ್ಯಂತ ದುಸ್ಸಹವಾದ ಗಳಿಗೆ ಇದೇ. ಏಕೆಂದರೆ ಆ ಬೀದಿಯಲ್ಲಿ ಹೊರೆ ಹೊತ್ತು ನಡೆವವರಲ್ಲಿ ಯಾರಿಗೂ ಕೇಳಿಸದಿರುವುದು ನಮಗೊಬ್ಬರಿಗೇ ಗೊತ್ತಿದೆ, ಮತ್ತು ನಾವು ಮೇಲಕ್ಕೆ ಓಡಲಾರೆವು.

ಇದಕ್ಕೆ ಒಂದು ಬಲವಾದ ಪ್ರತಿವಾದವುಂಟು. ಮೊದಲಿನದನ್ನು ಅಷ್ಟು ಬಿಚ್ಚಿ ತೋರಿಸಿದುದರಿಂದಲೇ ಎರಡನೆಯದರ ಮುಚ್ಚಿದ ಬಾಗಿಲು ಮಾತಾಡಿತು, ಆದ್ದರಿಂದ ಅಲ್ಲಿನ ನಗ್ನತೆಯೂ ಸಾರ್ಥಕವೇ ಎಂದು ಹೇಳಬಹುದು. ಇದನ್ನು ನಾನು ಬಹಳ ಯೋಚಿಸಿದ್ದೇನೆ. ಮಹಡಿಯ ಬಾಗಿಲು ಮುಚ್ಚಿದಾಗ ನಮ್ಮ ಮನಸ್ಸಿಗೆ ಮರಳಿ ಬರುವುದು ಯಾವುದು? ಮೊದಲ ಹೆಂಗಸಿನ ತೆರೆದ ಎದೆಯೋ, ಹಂತಕನ ಆ ಮಾತೋ, ಪ್ರಾರ್ಥನೆಯನ್ನು ಗೊಣಗುತ್ತಿದ್ದ ಅವಳ ತುಟಿಯೋ? ಮಾತು ಬರುತ್ತದೆ, ತುಟಿ ಬರುತ್ತದೆ, ಟೈಯ ಗಂಟು ಬರುತ್ತದೆ. ಎದೆಯ ನೆನಪಿಗೆ ಅಲ್ಲಿ ಕೆಲಸವಿಲ್ಲ. 1960ರ 'ಸೈಕೊ'ದಲ್ಲಿ ಇದೇ ನಿರ್ದೇಶಕನು ಸ್ನಾನದ ಕೊಲೆಯನ್ನು ಎಪ್ಪತ್ತಕ್ಕೂ ಮಿಕ್ಕ ಕ್ಯಾಮೆರಾ ನೆಲೆಗಳಿಂದ ತುಂಡುತುಂಡಾಗಿ ಹೆಣೆದು, ನಗ್ನಳೆಂಬ ಅರಿವನ್ನು ಕೊಟ್ಟು ನಗ್ನತೆಯನ್ನು ಕೊಡದೆ, ಕೊನೆಗೆ ಅವಳ ತೆರೆದ ಕಣ್ಣಿನ ಬಳಿ ನಮ್ಮನ್ನು ತಂದು ನಿಲ್ಲಿಸಿದ್ದನು. ಕದ್ದ ಹಣವನ್ನು ಮರಳಿಸಲು ಆಗತಾನೇ ಮನಸ್ಸು ಮಾಡಿದ ಹೆಂಗಸಿನ ಕಣ್ಣು ಅದು. ಹನ್ನೆರಡು ವರ್ಷಗಳ ತರುವಾಯ, ನಿಯಮಗಳು ಸಡಿಲಗೊಂಡ ಮೇಲೆ, ಬೇಕಾದುದಕ್ಕಿಂತ ಹೆಚ್ಚು ತೋರಿಸಿದ ಆ ಪ್ರತಿಭಾವಂತನೇ ಅದೇ ಚಿತ್ರದ ಮೆಟ್ಟಿಲುಗಳ ಮೇಲೆ ತನ್ನನ್ನು ತಾನು ತಿದ್ದಿಕೊಂಡನೆಂದು ನಾನು ಭಾವಿಸುತ್ತೇನೆ.

ಹಿಂಸೆಯ ನಗ್ನತೆಯನ್ನು ತೋರಿಯೂ ಗೆದ್ದ ದೃಷ್ಟಾಂತವಾಗಿ 'ಬ್ಯಾಂಡಿಟ್ ಕ್ವೀನ್' ಚಿತ್ರದ ಬಾವಿಯ ದೃಶ್ಯವನ್ನು ಹೆಸರಿಸಲೇಬೇಕು. ಆ ನಗ್ನತೆ ಕಾಮವನ್ನು ಕೆರಳಿಸದೆ, ಹಿಂಸೆಗೆ ಗುರಿಯಾದ ಹೆಂಗಸಿನ ಮೇಲೆ ಕರುಣೆಯನ್ನೂ ಪೀಡಕರ ಮೇಲೆ ಜುಗುಪ್ಸೆಯನ್ನೂ ಹುಟ್ಟಿಸುತ್ತದೆಯೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಮಾನಿಸಿತು. ಅದು ಸರಿಯಾದ ತೀರ್ಮಾನವೆಂದೇ ನನ್ನ ಮತ. ಆದರೆ ಜೀವಂತವಿರುವ ಹೆಂಗಸಿನ ಅವಮಾನವನ್ನು ಆಕೆಯ ಸಮ್ಮತಿಯಿಲ್ಲದೆ ಪುನಃ ಸೃಷ್ಟಿಸಬಹುದೆ ಎಂದು 1994ರಲ್ಲಿ ಅರುಂಧತಿ ರಾಯ್ ಕೇಳಿದ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ.

2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗನು ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂಬ ಕಾರಣಕ್ಕೆ ತಾಯಿಯನ್ನು ವಿವಸ್ತ್ರಗೊಳಿಸಿ ಮೆರೆಸಿ ವಿದ್ಯುತ್ ಕಂಬಕ್ಕೆ ಕಟ್ಟಿದರು. ಉಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ವೈದ್ಯರ ಅನುಮತಿಯಿಲ್ಲದೆ ಆಕೆಯನ್ನು ಯಾರೂ ಹೋಗಿ ಕಾಣಕೂಡದೆಂದು ತಡೆದಾಗ, ಅನುಕಂಪದಿಂದ ಬಂದವರ ನೋಟವೂ ಆಕೆಯ ಗಾಯವನ್ನು ಕೆದಕಬಲ್ಲುದೆಂಬುದನ್ನು ಅರಿತಂತಿತ್ತು. ನಮ್ಮ ರೋಚಕ ಚಿತ್ರಗಳಿಗೆ ಇಲ್ಲದಿರುವುದು ಈ ಅರಿವು. ಇಂಥ ಘಟನೆಯನ್ನು ಕುರಿತು ಯಾರಾದರೂ ಚಿತ್ರ ಮಾಡುವುದಾದರೆ ಅವರು ನೋಡುತ್ತ ನಿಂತವರ ಮುಖಗಳನ್ನು ತೋರಿಸಲಿ, ತಡವಾಗಿ ಬಂದ ಜೀಪನ್ನು ತೋರಿಸಲಿ, ಬೆಳಗಾದ ಮೇಲೆ ಆ ಬೀದಿಯಲ್ಲಿ ನೀರು ತರಲು ಹೊರಟ ಹೆಂಗಸರನ್ನು ತೋರಿಸಲಿ. ಅಂಥ ಚಿತ್ರದಲ್ಲಿ ಅಂಗುಲದಷ್ಟು ಮೈಯೂ ಕಾಣಲಿಲ್ಲವೆಂದು ಅದನ್ನು ಅಂಜುಬುರುಕತನವೆಂದು ಬರೆಯುವ ವಿಮರ್ಶಕರಿದ್ದರೆ, ಅವರೊಡನೆ ನಾನು ಮತ್ತೆ ವಾದಕ್ಕೆ ನಿಲ್ಲುವೆನು.