ದಕಾರ್ಗಲದ ಲವಣಪರಿಹಾರಯೋಗ: ಒಂದು ವಿಮರ್ಶೆ

ವರಾಹಮಿಹಿರಾಚಾರ್ಯರ ಬೃಹತ್ಸಂಹಿತೆಯಲ್ಲಿ 54ನೆಯದಾದ (ಕೆಲವು ಮುದ್ರಣಗಳಲ್ಲಿ 53ನೆಯದಾದ) ದಕಾರ್ಗಲಾಧ್ಯಾಯವು ಭೂಗರ್ಭಜಲವನ್ನು ಅರಿಯುವ ವಿದ್ಯೆಗಾಗಿ ಪ್ರಸಿದ್ಧವಾದುದು. ಕನ್ನಡದಲ್ಲಿಯೂ ಕ್ರಿ. ಶ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಈ ವಿದ್ಯೆಗೆ ಸ್ಥಾನವಿತ್ತಿರುವನು. ಹುತ್ತ, ಮರ, ಮಣ್ಣಿನ ಬಣ್ಣಗಳಿಂದ ನೀರಿನ ಸಿರೆಯನ್ನು ಊಹಿಸುವ ಭಾಗವನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವುದರಿಂದ ಅದನ್ನು ಬಿಟ್ಟಿದ್ದೇನೆ. ಇಲ್ಲಿ ವಿಚಾರಕ್ಕೆ ವಿಷಯವಾಗಿರುವುದು ಅಧ್ಯಾಯದ ಕೊನೆಯ ಭಾಗದಲ್ಲಿ ಬರುವ ಒಂದು ಯೋಗ ಮಾತ್ರ. ಅಂಜನ, ಮುಸ್ತೆ, ಲಾವಂಚ, ರಾಜಕೋಶಾತಕ, ನೆಲ್ಲಿ ಇವುಗಳ ಚೂರ್ಣವನ್ನು ಕತಕಬೀಜದೊಡನೆ ಬಾವಿಗೆ ಹಾಕಿದರೆ, ದುರ್ಗಂಧವುಳ್ಳ, ಉಪ್ಪಾದ, ಕದಡಿದ ನೀರು ನಿರ್ಮಲವೂ ಸುರಸವೂ ಆಗುವುದೆಂದು ಅದರ ತಾತ್ಪರ್ಯ.

ನನಗೆ ಇದು ಕೇವಲ ಗ್ರಂಥವಿಚಾರವಲ್ಲ. ನಾನಿರುವ ತೊಕ್ಕೊಟ್ಟಿಗೆ ಉತ್ತರದಲ್ಲಿ ನೇತ್ರಾವತಿ, ಪಶ್ಚಿಮದಲ್ಲಿ ಸಮುದ್ರ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಸೀಮೆಯಲ್ಲಿ, ಚೈತ್ರ ವೈಶಾಖಗಳಲ್ಲಿ ಭರತದ ನೀರು ನದಿಯೊಳಕ್ಕೆ ಏರುವುದು, ತೀರದ ಬಾವಿಗಳು ಉಪ್ಪಾಗುವುವು. ಕೆಲವು ವರ್ಷಗಳ ಹಿಂದೆ ನೆರೆಯವರೊಬ್ಬರು ಪರಿಹಾರವನ್ನು ಕೇಳಲಾಗಿ, ಶಾಸ್ತ್ರದ ಮೇಲಣ ಭರವಸೆಯಿಂದ ಈ ಯೋಗವನ್ನೇ ಹೇಳಿದೆನು. ಮೂರು ದಿನಗಳಲ್ಲಿ ನೀರು ತಿಳಿಯಾಯಿತು, ಲಾವಂಚದ ಪರಿಮಳವೂ ಬಂದಿತು. ಉಪ್ಪು ಮಾತ್ರ ಇದ್ದಂತೆಯೇ ಇದ್ದಿತು. ಆ ಮನೆಯವರು ನನ್ನ ಮೇಲಣ ಗೌರವದಿಂದ ಇನ್ನೂ ಹದಿನೈದು ದಿನ ಅದನ್ನೇ ಕುಡಿದರೆಂದು ಅನಂತರ ತಿಳಿದು ನಾಚಿದೆನು.

ಹಾಗಾದರೆ ಆಚಾರ್ಯರ ವಚನದ ಗತಿಯೇನು? ಕತಕವು ಪ್ರಾಚೀನರಿಗೆ ಅಂಬುಪ್ರಸಾದಕವೆಂದೇ ಪರಿಚಿತವು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತವಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನವು ಕತಕವನ್ನು ಎಣಿಸುವುದು ಕಲುಷಜಲವನ್ನು ತಿಳಿಮಾಡುವ ಏಳು ದ್ರವ್ಯಗಳಲ್ಲಿ. ಎರಡೆಡೆಯಲ್ಲಿಯೂ ಲವಣದ ಸುದ್ದಿಯೇ ಇಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮರಜಸ್ಸನ್ನು ಈ ಬೀಜವು ಒಟ್ಟುಗೂಡಿಸಿ ತಳಕ್ಕಿಳಿಸುವುದು. ಕರಗಿದ ಉಪ್ಪಿಗೆ ಅದು ತಗಲುವುದೇ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಾರಸ್ವತಮುನಿಯ ಮತವನ್ನು ಆರ್ಯೆಗಳಲ್ಲಿ ಹೇಳಿ, ಮನುವಿನ ಮತವನ್ನು ವೃತ್ತಗಳಲ್ಲಿ ಹೇಳುವೆನೆಂದು ಆಚಾರ್ಯರು ಪ್ರತಿಜ್ಞೆಮಾಡಿರುವರು. ಫಲವನ್ನು ಹೇಳುವ ಶ್ಲೋಕವು ತೋಟಕವೃತ್ತದಲ್ಲಿದೆ. ಅದರಲ್ಲಿ ಬರಿಯ ಸಗಣಗಳು. ‘ಲವಣ’ ಶಬ್ದವು ಪ್ರಥಮೈಕವಚನದಲ್ಲಿ ಎರಡು ಲಘು ಒಂದು ಗುರುವಾಗಿ ಒಂದು ಗಣವನ್ನು ಸರಿಯಾಗಿ ತುಂಬುವುದು. ದೋಷಗಳ ಪಟ್ಟಿಯಲ್ಲಿ ಅದು ಬಂದುದು ಅನುಭವಕ್ಕಿಂತ ಛಂದಸ್ಸಿನ ಸೌಕರ್ಯಕ್ಕೆ ಹೆಚ್ಚು ಋಣಿಯಾಗಿರಬಹುದೆಂದು ನನ್ನ ಊಹೆ. ಅವಂತಿಯಲ್ಲಿದ್ದ ಗ್ರಂಥಕಾರರಿಗೆ ಕಡಲದಂಡೆಯ ಬಾವಿಯು ಮನಸ್ಸಿನಲ್ಲಿದ್ದಂತೆಯೂ ತೋರುವುದಿಲ್ಲ. ಮರುದೇಶದಲ್ಲಿ ನೀರಿನ ಸಿರೆಗಳು ಒಂಟೆಯ ಕೊರಳಿನಂತೆ ಬಾಗಿ ಇಳಿದಿರುವುವೆಂದು ದೇಶಭೇದವನ್ನು ತಾವೇ ಹೇಳಿದವರು ನಮ್ಮ ಕರಾವಳಿಗೂ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು!

ಕರಾವಳಿಯ ಲವಣದೋಷಕ್ಕೆ ಕಾರಣವು ಬಾವಿಯ ಒಳಗಿಲ್ಲ. ಸಿಹಿನೀರು ಹಗುರವಾದುದರಿಂದ ನೆಲದೊಳಗೆ ಉಪ್ಪುನೀರಿನ ಮೇಲೆ ನಿಂತಿರುವುದು. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರಿರುವುದೆಂದು ಈಗಿನ ಜಲಶಾಸ್ತ್ರಜ್ಞರ ಲೆಕ್ಕ. ಪಂಪಿನಿಂದ ಮೇಲೆ ಒಂದಡಿಯನ್ನು ಸೆಳೆದರೆ ಕೆಳಗಿನಿಂದ ಉಪ್ಪು ಆ ಪ್ರಮಾಣದಲ್ಲಿ ಏರಲು ತೊಡಗುವುದು, ಒಬ್ಬನ ಅತಿಸೆಳೆತವು ನೆರೆಯವನ ಬಾವಿಯನ್ನೂ ಕೆಡಿಸುವುದು. ಇಂತಹ ದೋಷಕ್ಕೆ ಮನೆಮನೆಯ ಔಷಧವಲ್ಲ, ಸೀಮೆಗೆಲ್ಲ ಒಂದು ಕಟ್ಟಳೆಯು ಬೇಕು. ನಮ್ಮ ಪೂರ್ವಿಕರು ಎಲ್ಲವನ್ನೂ ಕಂಡುಹಿಡಿದಿದ್ದರೆಂದು ದಕಾರ್ಗಲವನ್ನು ಎತ್ತಿಹಿಡಿಯುವ ಲೇಖಕರು ಇದನ್ನು ನೋಡುತ್ತಿಲ್ಲ.

ಕಟ್ಟಳೆಯ ವಿಷಯದಲ್ಲಿ ಪ್ರಾಚೀನರ ಪ್ರಾಮಾಣ್ಯವನ್ನು ಅರಸುವವರು ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಮೂರನೆಯ ಅಧಿಕರಣವನ್ನು ತೆರೆಯಲಿ. ಮೇಲಣ ಕೆರೆಯು ಕೆಳಗಣ ಕೆರೆಗೆ ನೀರು ತುಂಬುವುದನ್ನು ತಡೆಯಲಾಗದು, ಕೆಳಗಣದು ಮೂರು ವರ್ಷ ಕೆಲಸವಿಲ್ಲದೆ ಬಿದ್ದಿದ್ದರೆ ಹೊರತು; ಆಪತ್ತಿಲ್ಲದೆ ಐದು ವರ್ಷ ಸೇತುಬಂಧವನ್ನು ಕೆಲಸಗೆಡಿಸಿದವನ ಸ್ವಾಮ್ಯವು ಅಳಿಯುವುದು. ಎರಡನೆಯ ಅಧಿಕರಣದಲ್ಲಿ ಕೈಯಿಂದ ಎತ್ತಿದ ನೀರಿಗೆ ಐದನೆಯ ಒಂದು, ಹೆಗಲಿನಿಂದ ಒಯ್ದುದಕ್ಕೆ ನಾಲ್ಕನೆಯ ಒಂದು ಪಾಲೆಂದು ಹೇಳಿರುವುದು ಬೇಸಾಯಕ್ಕೆ ಸೇರಿದುದು. ಅದನ್ನು ಕುಡಿಯುವ ನೀರಿನ ದರಕ್ಕೆ ಆಧಾರವಾಗಿ ಹೇಳುವುದು ತಪ್ಪು. ಕೆರೆಗಳ ನಿಯಮವನ್ನಾದರೋ ಅತಿದೇಶನ್ಯಾಯದಿಂದ ನದಿಗೂ ಅನ್ವಯಿಸಬಹುದು. ಮಂಗಳೂರಿಗೆ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ. 2016ರಲ್ಲಿಯೂ 2019ರಲ್ಲಿಯೂ ಬೇಸಗೆಯಲ್ಲಿ ಅಲ್ಲಿ ನೀರು ತಗ್ಗಿ, ನಗರಕ್ಕೆ ಸರದಿಯಿಂದ ಹಂಚಬೇಕಾಯಿತು. ಅದರ ಕೆಳಗೆ ಹರೇಕಳ ಅಡ್ಯಾರುಗಳ ನಡುವೆ ಉಪ್ಪುನೀರನ್ನು ತಡೆಯಲು ಇತ್ತೀಚೆಗೆ ಕಟ್ಟೆಯನ್ನು ಕಟ್ಟಿರುವರು. ಮೇಲೆ ಘಟ್ಟದಲ್ಲಿ, ನೇತ್ರಾವತಿಯ ಉಪನದಿಗಳ ಮಳೆಗಾಲದ ನೀರನ್ನು ಪೂರ್ವದ ಬರಡು ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರಲ್ಲಿ ಉದ್ಘಾಟಿತವಾಯಿತು. ಮೇಲಣವರ ಬಾಯಾರಿಕೆಯೂ ನಿಜವೇ. ಕೌಟಿಲ್ಯನ ಸೂತ್ರವು ಮೇಲೆ ಕೆರೆ ಕಟ್ಟುವುದನ್ನು ನಿಷೇಧಿಸುವುದಿಲ್ಲ, ಕೆಳಗಣದರ ತುಂಬುವಿಕೆಯನ್ನು ಲೆಕ್ಕಕ್ಕೆ ಹಿಡಿಯೆನ್ನುವುದು.

ಬೃಹತ್ಸಂಹಿತೆಯನ್ನು ಇನ್ನು ಮುಂದೆ ಕನ್ನಡಿಸಿ ಅಚ್ಚುಹಾಕಿಸುವ ಮಹನೀಯರು ಆ ತೋಟಕಶ್ಲೋಕದ ಕೆಳಗೆ, ಈ ಯೋಗದಿಂದ ಕದಡು ಮಾತ್ರ ಹೋಗುವುದು, ಉಪ್ಪು ಹೋಗದು ಎಂದು ಒಂದು ಟಿಪ್ಪಣಿಯನ್ನು ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ.