ಒಲೆಯ ಕೆಲಸ ಮಾಡುವ ನಿಂಬೆ

ಮೆಕ್ಸಿಕೊದ ಪೆಸಿಫಿಕ್ ಕರಾವಳಿಯ ಎನ್ಸೆನಾಡದಲ್ಲಿ ಬೀದಿಗಾಡಿಗಳು ಮಾರುವ ಸೆವಿಚೆ ತೊಸ್ತಾದಾ ತಿನ್ನುವುದೇ ಒಂದು ಆಟ. ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ ತಟ್ಟಿದ ರೊಟ್ಟಿಯನ್ನು ಗರಿಗರಿಯಾಗಿ ಕರಿದರೆ ತೊಸ್ತಾದಾ. ಅದರ ಮೇಲೆ ಸಣ್ಣಗೆ ಕೊಚ್ಚಿದ ಮೀನು, ಈರುಳ್ಳಿ, ಟೊಮೆಟೊ, ಹಸಿಮೆಣಸು, ಕೊತ್ತಂಬರಿ, ಬೆಣ್ಣೆಹಣ್ಣಿನ ಹೋಳು. ಮೀನಿಗೆ ಬೆಂಕಿ ತಾಗಿರುವುದಿಲ್ಲ. ಆಗಷ್ಟೇ ಹಿಂಡಿದ ನಿಂಬೆರಸದಲ್ಲಿ ಅದು ಅಂಚಿನಿಂದ ಬೆಳ್ಳಗಾಗುತ್ತ, ಬೆಂದಂತೆ ಬಿಗಿಯುತ್ತದೆ; ಅದೇ ಸೆವಿಚೆ. ನೋಡುತ್ತ ನಿಲ್ಲುವುದೇ ಚೆಂದ. (ಹುಳಿ ಎಲ್ಲ ರೋಗಾಣುಗಳನ್ನೂ ಕೊಲ್ಲದು, ಒಳ್ಳೆಯ ಮೀನೇ ಬೇಕು.) ಕಚ್ಚಿದೊಡನೆ ತೊಸ್ತಾದಾ ಚೂರುಚೂರು, ರಸ ಮೊಣಕೈವರೆಗೆ! ಅಂಗೈ ಒಡ್ಡಿಕೊಂಡು ದೊಡ್ಡವರೂ ಮಕ್ಕಳಾಗುತ್ತಾರೆ. ಆ ಪುಟ್ಟ ನಿಂಬೆ ಏಷ್ಯಾ ಮೂಲದ್ದು, ಸ್ಪೇನಿನವರು ಅತ್ತ ಒಯ್ದದ್ದು. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಬೆಳೆಯುವ ಕಾಗ್ಜಿ ನಿಂಬೆಯೂ ಅದೇ ಜಾತಿ. ಮನೆಯಲ್ಲಿ ಮಾಡುವುದಾದರೆ ಬಾಟಲಿಯ ರಸ ಬೇಡ, ಹಣ್ಣನ್ನೇ ಹಿಂಡಿ.