ಅಗಸೆಯ ನಾರು, ಅಲ್‌ಸ್ಟರಿನ ಬೆರಳು

ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗುವ ಅಗಸೆ, ಐರ್ಲೆಂಡಿನ ಅಲ್‌ಸ್ಟರ್ ಸೀಮೆಯ ರೈತರ ಮನೆಗಳಲ್ಲಿ ಲಿನನ್ ಬಟ್ಟೆಯಾಗುತ್ತಿತ್ತು. 18ನೇ ಶತಮಾನದಲ್ಲಿ ಬೆಳೆಯುವುದು, ನೂಲುವುದು, ನೇಯುವುದು ಎಷ್ಟೋ ಕಡೆ ಒಂದೇ ಸೂರಿನಡಿ. ಆ ಮನೆಮಂದಿಯ ಕೈಚಳಕ ನೆನೆದಷ್ಟೂ ಬೆರಗು.

ಅವರು ಗಿಡವನ್ನು ಕೊಯ್ಯದೆ ಬೇರುಸಹಿತ ಕೀಳುತ್ತಿದ್ದರು. ನಾರು ಕಾಂಡದ ಉದ್ದಕ್ಕೂ ಬುಡದತನಕ ಇಳಿದಿರುತ್ತದೆ. ಕುಡುಗೋಲು ತಾಗಿಸಿದರೆ ಅಷ್ಟು ನಷ್ಟ. ಕಟ್ಟುಗಳನ್ನು ಹೊಂಡದಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದೆರಡು ವಾರ ಕೊಳೆಸಬೇಕು. ನನಗೆ ಅತಿ ಮೆಚ್ಚಿಗೆಯಾದ ಜಾಣ್ಮೆ ಇಲ್ಲಿದೆ. ನಾರನ್ನು ಕಡ್ಡಿಗೆ ಹಿಡಿದಿಟ್ಟ ಅಂಟು ಕರಗಬೇಕು, ನಾರು ಮಾತ್ರ ಕೆಡಬಾರದು. ಬೇಗ ತೆಗೆದರೆ ಕಡ್ಡಿ ಬಿಡದು, ತಡವಾದರೆ ನಾರೇ ಸತ್ವಗೆಡುತ್ತದೆ. ಒಂದು ಕಾಂಡ ಮುರಿದು, ನಾರು ಸಲೀಸಾಗಿ ಸುಲಿದು ಬರುತ್ತದೆಯೇ ಎಂದು ನೋಡುವ ಬೆರಳೇ ತೀರ್ಪುಗಾರ. ಗಬ್ಬುನಾತದ ಆ ನೀರಿಗಿಳಿದು ಕಟ್ಟು ಎತ್ತಿದವರಿಗೆ ದೊಡ್ಡ ನಮಸ್ಕಾರ.

ಆಮೇಲೆ ಹುಲ್ಲಿನ ಮೇಲೆ ಒಣಗಿಸಿ, ಬಡಿದು, ಕಬ್ಬಿಣದ ಹಲ್ಲುಗಳ ಹಣಿಗೆಯಲ್ಲಿ ಬಾಚಿದರೆ ಗಿಡ್ಡ ಎಳೆಗಳು ಕಳಚಿ ಉದ್ದನೆಯ ಮಿರುಗುವ ನಾರು ಉಳಿಯುತ್ತದೆ. ಹೆಂಗಸರು ಕಾಲಿನಿಂದ ತುಳಿಯುವ ರಾಟೆಯ ಮುಂದೆ ಕೂತು, ಬೆರಳು ಒದ್ದೆ ಮಾಡಿಕೊಳ್ಳುತ್ತ ನೂಲುತ್ತಿದ್ದರು. ತೇವ ತಾಗಿದರೆ ಮೊಂಡು ನಾರೂ ಮಣಿದು ನುಣುಪಾಗಿ ಹೊಸೆದುಕೊಳ್ಳುತ್ತದೆ. ಮಗ್ಗಕ್ಕೂ ತೇವವೇ ಬೇಕು, ಒಣಹವೆಯಲ್ಲಿ ಎಳೆ ಕಡಿಯುತ್ತದೆ. ಹಾಗಾಗಿ ಮಗ್ಗದ ಕೋಣೆಗೆ ಮಣ್ಣಿನ ನೆಲವೇ ಚೆನ್ನ.

ಮಗ್ಗದಿಂದ ಇಳಿದ ಬಟ್ಟೆ ಕಂದು. ಬೂದಿಯ ಕ್ಷಾರದಲ್ಲಿ ಕುದಿಸಿ, ಹುಳಿಮಜ್ಜಿಗೆಯಲ್ಲಿ ನೆನೆಸಿ, ಹುಲ್ಲುಗಾವಲಿನಲ್ಲಿ ಹರಡಿ, ಮತ್ತೆ ಅದೇ ಸುತ್ತು, ತಿಂಗಳುಗಟ್ಟಲೆ. ಕಡೆಗೆ ಮರದ ಕೊಡತಿಯಿಂದ ಗಂಟೆಗಟ್ಟಲೆ ಬಡಿದಾಗ ಎಳೆಗಳು ಚಪ್ಪಟೆಯಾಗಿ ಬಟ್ಟೆಗೆ ಹೊಳಪು ಬರುತ್ತಿತ್ತು.